ಕಣ್ಣುಗೂಡಿನ ಗಡ್ಡೆ: ಊಹೆಯಿಂದ ಚಿತ್ರದೆಡೆಗೆ

ಕಣ್ಣುಗುಡ್ಡೆ ಮುಂದಕ್ಕೆ ಚಾಚಿಕೊಂಡಾಗ ಅದರ ಹಿಂದೆ ಅಡಗಿರುವುದೇನೆಂಬುದು ಬಹುಕಾಲ ವೈದ್ಯರ ಊಹೆಗೆ ಬಿಟ್ಟ ವಿಷಯವಾಗಿತ್ತು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣವು ಎಲುಬನ್ನು ತೋರಿಸಿತೇ ಹೊರತು ಗಡ್ಡೆಯನ್ನಲ್ಲ. ಗೂಡಿನ ಹಿಗ್ಗುವಿಕೆ, ಎಲುಬಿನ ಸವೆತಗಳಿಂದ ಅದರ ಇರವನ್ನು ಅನುಮಾನಿಸಬೇಕಾಗಿತ್ತು. 1950ರ ದಶಕದಲ್ಲಿ ಶ್ರವಣಾತೀತ ಧ್ವನಿಯು ನೇತ್ರವೈದ್ಯಕ್ಕೆ ಬಂದಿತಾದರೂ ಗೂಡಿನ ಆಳದ ತುದಿಯನ್ನು ಸ್ಪಷ್ಟವಾಗಿ ತೋರಿಸಲಾರದಾಯಿತು.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರವು ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಮುಂದೆ ಇದೇ ವಿಧಾನದಿಂದ ಕಣ್ಣುಗೂಡಿನ ಕೊಬ್ಬಿನ ಕಪ್ಪು ಹಿನ್ನೆಲೆಯಲ್ಲಿ ಗಡ್ಡೆ, ಸ್ನಾಯು, ದೃಷ್ಟಿನರಗಳು ಬೇರೆಬೇರೆಯಾಗಿ ಗೋಚರಿಸಿದವು. ಅನಂತರದ ಎಂ.ಆರ್.ಐ. ಕ್ಷಕಿರಣದ ನೆರವಿಲ್ಲದೆಯೇ ದೃಷ್ಟಿನರದ ಜಾಡನ್ನು ಮಿದುಳಿನವರೆಗೂ ಹಿಡಿಯಿತು. ಗಡ್ಡೆಯು ನರವನ್ನು ಒತ್ತುತ್ತಿದೆಯೇ, ನರದಿಂದಲೇ ಹುಟ್ಟಿದೆಯೇ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ತಿಳಿಯುವುದರ ಮೇಲೆ ದೃಷ್ಟಿಯ ಉಳಿವು ಅವಲಂಬಿಸಿರುತ್ತದೆ. ಆದರೂ ಅನೇಕ ಗಡ್ಡೆಗಳ ಸ್ವರೂಪವನ್ನು ಕೊನೆಗೆ ನಿಶ್ಚಯಿಸುವುದು ಇಂದಿಗೂ ಅಂಗಾಂಶ ಪರೀಕ್ಷೆಯೇ.