ಲಿಗಮೆಂಟ್ ಶಸ್ತ್ರಚಿಕಿತ್ಸೆಯ ಬಳಿಕ ಮಂಡಿ: ಮೊದಲು ನೇರವಾಗಲಿ, ಆಮೇಲೆ ಮಡಚಲಿ

ಕಡೂರು: ಕಬಡ್ಡಿ ಅಂಕಣದಲ್ಲಿ ಕಾಲು ತಿರುಚಿಕೊಂಡವರು, ತೋಟದ ಬದುವಿನಲ್ಲಿ ಜಾರಿದವರು, ದ್ವಿಚಕ್ರ ವಾಹನದಿಂದ ಬಿದ್ದವರು - ಮಂಡಿಯ ಲಿಗಮೆಂಟ್ ಹರಿದುಕೊಳ್ಳಲು ಕಾರಣಗಳು ಹಲವು. ಕಡೂರು, ತರೀಕೆರೆ, ಅಜ್ಜಂಪುರ ಭಾಗದಿಂದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗ, ಹಾಸನ ಅಥವಾ ಬೆಂಗಳೂರಿಗೆ ತೆರಳುವವರು ಕೆಲವೇ ದಿನಗಳಲ್ಲಿ ಊರಿಗೆ ಮರಳುತ್ತಾರೆ. ಮಂಡಿ ಮತ್ತೆ ಸರಾಗವಾಗಿ ಆಡುವುದೋ, ಬಿಗಿದುಕೊಳ್ಳುವುದೋ ಎಂಬುದು ಬಹುಪಾಲು ಆನಂತರ ಮನೆಯಲ್ಲಿ ಕಳೆಯುವ ವಾರಗಳಲ್ಲೇ ನಿರ್ಧಾರವಾಗುತ್ತದೆ.

ನೇರವಾಗುವುದೇ ಮುಖ್ಯ

ಕಾಲು ಎಷ್ಟು ಮಡಚುತ್ತದೆ ಎಂಬುದೇ ಎಲ್ಲರ ಚಿಂತೆ. ಆದರೆ ಮೊದಲು ಸಾಧಿಸಬೇಕಾದುದು ಮಂಡಿಯನ್ನು ಪೂರ್ಣ ನೇರವಾಗಿಸುವುದನ್ನು. ಎಸಿಎಲ್ ಎಂಬ ಲಿಗಮೆಂಟನ್ನು ಹೊಸದಾಗಿ ಕೂರಿಸಿದ ಬಳಿಕ ಕೀಲಿನೊಳಗೆ ಗಾಯದ ಅಂಗಾಂಶ ಬೆಳೆದರೆ ಕಾಲು ಕೆಲವು ಡಿಗ್ರಿ ಬಾಗಿದಂತೆಯೇ ಉಳಿದುಬಿಡುತ್ತದೆ. ಆಗ ನಡಿಗೆ ಕುಂಟುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ನೋವು ತಗ್ಗಲೆಂದು ಮಂಡಿಯ ಅಡಿಗೆ ದಿಂಬು ಇಟ್ಟು ಮಲಗುವುದು ಈ ತೊಂದರೆಗೆ ದಾರಿ ಮಾಡಿಕೊಡುತ್ತದೆ. ದಿಂಬು ಅಥವಾ ಸುತ್ತಿದ ಟವೆಲ್ ಇರಬೇಕಾದುದು ಹಿಮ್ಮಡಿಯ ಅಡಿಯಲ್ಲಿ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ

* ಹಿಮ್ಮಡಿಯ ಅಡಿಗೆ ಟವೆಲ್ ಇಟ್ಟು, ಮಂಡಿಯನ್ನು ತಾನಾಗಿ ಕೆಳಗಿಳಿಯಲು ಬಿಡುವುದು. ದಿನಕ್ಕೆ ಹಲವು ಬಾರಿ, ಪ್ರತಿ ಸಲ ಸುಮಾರು 10 ನಿಮಿಷ.
* ಮಂಡಿಯನ್ನು ನೆಲಕ್ಕೆ ಒತ್ತುವಂತೆ ತೊಡೆಯ ಮುಂಭಾಗದ ಸ್ನಾಯುವನ್ನು 5 ಸೆಕೆಂಡ್ ಬಿಗಿಹಿಡಿದು ಸಡಿಲಿಸುವುದು.
* ಹಾಸಿಗೆಯ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಪೃಷ್ಠದತ್ತ ಜಾರಿಸುತ್ತ ಮಂಡಿ ಮಡಚುವುದು.
* ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡುವುದು.

ಎಸಿಎಲ್ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ವಾರಗಳ ಸುಮಾರಿಗೆ 90 ಡಿಗ್ರಿ, ಆರು ವಾರಗಳ ಹೊತ್ತಿಗೆ 120 ಡಿಗ್ರಿ ಮಡಚುವ ಗುರಿ ಇರುತ್ತದೆ. ಮಿನಿಸ್ಕಸ್‌ಗೆ ಹೊಲಿಗೆ ಹಾಕಿದ್ದರೆ ಅಥವಾ ಬೇರೆ ಲಿಗಮೆಂಟ್‌ಗಳಿಗೂ ಶಸ್ತ್ರಚಿಕಿತ್ಸೆ ಆಗಿದ್ದರೆ ಮಿತಿ ಬೇರೆಯೇ. ಬಿಡುಗಡೆಯ ದಿನವೇ ಮಿತಿಯನ್ನು ಬರೆಯಿಸಿಕೊಂಡು ಬರುವುದು ಒಳಿತು. ಸಮೀಪದಲ್ಲಿ ಫಿಸಿಯೋಥೆರಪಿಸ್ಟ್ ಯಾರಿದ್ದಾರೆಂಬುದನ್ನೂ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಇವು ಸಲ್ಲದು

ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ವೈದ್ಯರು ಅನುಮತಿಸುವವರೆಗೆ ಬೇಡ. ಅಲ್ಲಿಯವರೆಗೆ ಶೌಚಾಲಯದಲ್ಲಿ ಕಮೋಡ್ ಅಥವಾ ಕಮೋಡ್ ಕುರ್ಚಿ ಅಗತ್ಯ. ಎಣ್ಣೆ ಹಚ್ಚಿ ಬಲವಂತದಿಂದ ಕಾಲು ಜಗ್ಗಿಸುವುದು ಊತ ಹೆಚ್ಚಿಸೀತು, ಹೊಸ ಲಿಗಮೆಂಟಿಗೂ ಅಪಾಯ ತಂದೀತು. ತಪಾಸಣೆಗೆ ಬಸ್ಸು, ರೈಲಿನಲ್ಲಿ ಹೋಗುವಾಗ ಕಾಲು ಚಾಚಲು ಜಾಗವಿರುವ ಆಸನ ಕೇಳಿ ಪಡೆಯಿರಿ.

ತಡಮಾಡಬೇಡಿ

ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ನೋವು ಮತ್ತು ಊತ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ 108ಕ್ಕೆ ಕರೆ ಮಾಡಿ. ಒಂದು ತಿಂಗಳು ಕಳೆದರೂ ಮಂಡಿ ನೇರವಾಗದಿದ್ದರೆ 'ತಾನಾಗಿ ಸರಿಹೋದೀತು' ಎಂದು ಕಾಯದೆ ಶಸ್ತ್ರಚಿಕಿತ್ಸಕರನ್ನು ಭೇಟಿಯಾಗಿ. ತಡವಾದಷ್ಟೂ ಗಾಯದ ಅಂಗಾಂಶ ಗಟ್ಟಿಯಾಗಿ, ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ತಾಳ್ಮೆಯೇ ಮದ್ದು

ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ರಸ್ತೆ ಅಪಘಾತಕ್ಕೀಡಾಗಿ, 2023ರ ಜನವರಿಯಲ್ಲಿ ಮುಂಬೈನಲ್ಲಿ ಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದು ಅವರು ಅಂಕಣಕ್ಕೆ ಮರಳಿದ್ದು 2024ರ ಮಾರ್ಚ್‌ನಲ್ಲಿ. ಸಕಲ ಸೌಲಭ್ಯಗಳಿದ್ದ ಆಟಗಾರನಿಗೇ ಇಷ್ಟು ಕಾಲ ಹಿಡಿದಿರುವಾಗ, ಆರು ವಾರಗಳಲ್ಲಿ ತೋಟದ ಕೆಲಸಕ್ಕೆ ಇಳಿಯುವ ಆತುರ ತರವಲ್ಲ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಲು ಕನಿಷ್ಠ 9 ತಿಂಗಳಾದರೂ ಕಾಯಬೇಕೆಂಬುದು ಇಂದು ವ್ಯಾಪಕವಾಗಿ ಒಪ್ಪಿತವಾದ ಸಲಹೆ. ದಿನವೂ ತಪ್ಪದೆ ಮಾಡುವ ವ್ಯಾಯಾಮವೇ ಮಂಡಿಗೆ ಅದರ ಚಲನೆಯನ್ನು ಮರಳಿ ಕೊಡಬಲ್ಲದು.