ಸವಣೂರಿನ ಪಠಾಣರು, ಶಿವಮೊಗ್ಗದ ಇಂಗು

ಬೇಯಿಸಿದ ಮಾವಿನಕಾಯಿ ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ, ಕೊನೆಗೆ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಶಿವಮೊಗ್ಗ ಸೀಮೆಯಲ್ಲಿ ಇಂಗಿಲ್ಲದ ಅಪ್ಪೆಹುಳಿಯನ್ನು ಯಾರೂ ಮೆಚ್ಚುವುದಿಲ್ಲ. ಆ ಇಂಗು ಅಫ್ಘಾನಿಸ್ತಾನ, ಇರಾನಿನ ಒಣ ಬೆಟ್ಟಗಳ ಗಿಡದ ಬೇರು ಗೀರಿದಾಗ ಒಸರುವ ಅಂಟು. ನಮ್ಮ ದೇಶದಲ್ಲಿ ಅದನ್ನು ಬೆಳೆಯುವ ಸರ್ಕಾರಿ ಪ್ರಯತ್ನ ಹಿಮಾಚಲದ ಲಾಹೌಲಿನಲ್ಲಿ ಶುರುವಾದದ್ದು 2020ರಲ್ಲಿ. ಇಂಗನ್ನು ಮನೆಯದೆಂದು ಒಪ್ಪಿಕೊಂಡಷ್ಟು ಸಲೀಸಾಗಿ ಆ ನೆಲದಿಂದ ಬಂದ ಜನರನ್ನು ನಾವು ಒಪ್ಪಿಕೊಂಡಿಲ್ಲ.

ಅವರೇನೂ ದೂರದವರಲ್ಲ. ಕೆಳದಿ ಅರಸರ ಸೀಮೆಯಿಂದ ಉತ್ತರಕ್ಕೆ ಸರಿದರೆ ಸವಣೂರು. ಅಲ್ಲಿನ ನವಾಬರು ಮಿಯಾನಾ ಎಂಬ ಪಠಾಣ ಕುಲದವರು. ಇದೇ ಕುಲದ ಬಹಲೋಲ್ ಖಾನ್ 1675ರಲ್ಲಿ ವಿಜಯಪುರದ ಆದಿಲಶಾಹಿ ದರ್ಬಾರಿನ ಸೂತ್ರವನ್ನೇ ಹಿಡಿದಿದ್ದ. 1686ರಲ್ಲಿ ವಿಜಯಪುರ ಬಿದ್ದ ಮೇಲೆ ಅಬ್ದುಲ್ ರವೂಫ್ ಖಾನ್ ಔರಂಗಜೇಬನ ಸೇವೆಗೆ ಸೇರಿ ಬಂಕಾಪುರ, ಸವಣೂರು ಸೀಮೆಯ ಜಾಗೀರು ಪಡೆದ. ಕುದುರೆ ಏರಿ ಕೂಲಿಗೆ ಕಾದಾಡಲು ಬಂದವರ ಮೊಮ್ಮಕ್ಕಳು ವರದಾ ತೀರದ ಸೀಮೆಯಲ್ಲಿ ಕಂದಾಯ ಎತ್ತುವ ಒಡೆಯರಾದರು.

1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದ ಹೈದರಾಲಿ ಸವಣೂರಿನ ಮೇಲೂ ದಂಡೆತ್ತಿದ. ಆದರೆ 1779ರಲ್ಲಿ ಅವನೇ ತನ್ನ ಮಗಳನ್ನು ನವಾಬ ಅಬ್ದುಲ್ ಹಕೀಂ ಖಾನನ ಹಿರಿಯ ಮಗನಿಗೆ ಕೊಟ್ಟು, ನವಾಬನ ಮಗಳನ್ನು ತನ್ನ ಮಗ ಕರೀಮನಿಗೆ ತಂದುಕೊಂಡ. ಬೀಗತನವೂ ಊರನ್ನು ಉಳಿಸಲಿಲ್ಲ. 1786ರಲ್ಲಿ ಟಿಪ್ಪು ಸವಣೂರನ್ನು ವಶಪಡಿಸಿಕೊಂಡಾಗ ನವಾಬ ಮರಾಠರ ಆಸರೆಗೆ ಹೋದ.

ಯುದ್ಧದ ಪುಟಗಳಲ್ಲಿ ಸಿಗದ ಸವಣೂರು ಇನ್ನೊಂದಿದೆ. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ವೃಂದಾವನಸ್ಥರಾದದ್ದು ಈ ಪಠಾಣ ನವಾಬರ ಊರಿನಲ್ಲೇ. ಜ್ಞಾನಪೀಠದ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿನ ಮಜೀದ್ ಶಾಲೆಯಲ್ಲಿ.

ಕೈಗಾರಿಕೆಯ ಕಾಲಕ್ಕೆ ಜನರ ಕಣ್ಣಲ್ಲಿ ಪಠಾಣನ ರೂಪ ಬದಲಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದೇ ಕಾಲದಲ್ಲಿ ದೇಶದ ಅನೇಕ ಗಿರಣಿ ಊರುಗಳಲ್ಲಿ ಸಂಬಳದ ದಿನ ಗೇಟಿನ ಬಳಿ ಲಾಠಿ ಹಿಡಿದು ಬಡ್ಡಿಗೆ ಕಾಯುವ, ಕಾಬೂಲಿಗಳೆನ್ನಿಸಿಕೊಂಡ ಪಠಾಣ ಲೇವಾದೇವಿಗಾರರಿದ್ದರು. ಸಾಲ ವಸೂಲಿಗಾಗಿ ಕಾರ್ಖಾನೆಗೆ ಮುತ್ತಿಗೆ ಹಾಕುವುದನ್ನು ಅಪರಾಧವೆನ್ನಬೇಕೆಂದು 1931ರಲ್ಲಿ ರಾಯಲ್ ಕಾರ್ಮಿಕ ಆಯೋಗ ಶಿಫಾರಸು ಮಾಡಿತು. ಕಾರ್ಮಿಕರ ಭಯ ಸುಳ್ಳಲ್ಲ. ಆದರೆ ಕೆಲವರ ಕಸುಬನ್ನು ಇಡೀ ಜನಾಂಗದ ಗುಣವೆಂದು ತಿಳಿದದ್ದು ಅನ್ಯಾಯ. ಟಾಗೋರರು 1892ರಲ್ಲೇ ತಮ್ಮ ‘ಕಾಬೂಲಿವಾಲಾ’ ಕತೆಯಲ್ಲಿ ಅಂಥ ಒಬ್ಬನೊಳಗೆ ಮಗಳನ್ನು ನೆನೆಯುವ ತಂದೆಯನ್ನು ಕಂಡಿದ್ದರು.

ಇಂದು ಕರ್ನಾಟಕದಲ್ಲಿ ಪಠಾಣರೆನ್ನಿಸಿಕೊಳ್ಳುವ ಮನೆಗಳಲ್ಲಿ ಪಶ್ತೋ ಕೇಳಿಸುವುದಿಲ್ಲ. ಮನೆಮಾತು ದಖನಿ ಉರ್ದು, ಸಂತೆಯಲ್ಲಿ ಕನ್ನಡ. ಅಫ್ಘಾನಿಸ್ತಾನದಿಂದ ಇತ್ತೀಚಿನ ದಶಕಗಳಲ್ಲಿ ಇಲ್ಲಿಗೆ ಬಂದವರಲ್ಲಿ ವಿದ್ಯಾರ್ಥಿಗಳಿದ್ದರು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಸೇರಿದಾಗ ಮೈಸೂರು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು ಮನೆಯವರ ಸುದ್ದಿಗಾಗಿ ಫೋನು ಹಿಡಿದು ಕೂತರು. ತಾಲಿಬಾನಿಗೆ ಹೆದರಿದ ಆ ಮಕ್ಕಳನ್ನೇ ತಾಲಿಬಾನಿನ ನೆರಳಲ್ಲಿ ನೋಡುವುದು ಕ್ರೌರ್ಯ.

ಶಿವಮೊಗ್ಗ, ಭದ್ರಾವತಿಯ ಶಾಲೆಗಳು ಮಕ್ಕಳಿಗೆ ಕೆಳದಿ, ಇಕ್ಕೇರಿ, ಬಿದನೂರು ತೋರಿಸುತ್ತವೆ. ಮುಂದಿನ ಪ್ರವಾಸದ ಪಟ್ಟಿಗೆ ಮೇಷ್ಟ್ರುಗಳು ಸವಣೂರನ್ನೂ ಸೇರಿಸಲಿ.