ನಿಲ್ಲಿಸಿದ ಕಲ್ಲುಗಳು

ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಯಾದಗಿರಿ ದಾಟಿ ರಾಯಚೂರು ಸೇರುವ ಮೊದಲು ಕೃಷ್ಣಾ ಎಂಬ ಚಿಕ್ಕ ನಿಲ್ದಾಣವನ್ನು ಹಾಯುತ್ತದೆ. ಹಿಂದೆಯೂ ಕರ್ನಾಟಕ, ಮುಂದೆಯೂ ಕರ್ನಾಟಕ. ನಡುವೆ ತೆಲಂಗಾಣದ ಒಂದು ತುಣುಕು. ಅದೇ ಸೀಮೆಯಲ್ಲಿ, ನಾರಾಯಣಪೇಟೆ ಜಿಲ್ಲೆಯ ಹೊಳೆದಂಡೆಯಲ್ಲಿ, ಮುಡುಮಾಲ್ ಇದೆ. ಊರಾಚೆಯ ಬಯಲಿನಲ್ಲಿ 10ರಿಂದ 14 ಅಡಿ ಎತ್ತರದ ಸುಮಾರು 80 ಕಲ್ಲುಗಳು ನೆಟ್ಟಗೆ ನಿಂತಿವೆ. ಅವುಗಳ ಜೊತೆಗೆ ಸಾಲುಸಾಲಾಗಿ ಸಾವಿರಾರು ಸಣ್ಣ ಕಲ್ಲುಗಳಿವೆ. ಇವುಗಳ ವಯಸ್ಸು ಮೂರೂವರೆ ಸಾವಿರ ವರ್ಷಕ್ಕೂ ಹೆಚ್ಚು ಎಂಬುದು ಸಂಶೋಧಕರ ಅಂದಾಜು.

ವಿದ್ವಾಂಸರು ಇಂಥ ಕಲ್ಲಿಗೆ ‘ಮೆನ್ಹಿರ್’ ಎನ್ನುತ್ತಾರೆ. ಅದು ಬ್ರೆಟನ್ ನುಡಿಯ ಪದ, ಅರ್ಥ ‘ಉದ್ದಗಲ್ಲು’. ಮುಡುಮಾಲಿನವರ ತೆಲುಗಿನಲ್ಲಿ ಇವು ‘ನಿಲುವು ರಾಳ್ಳು’. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಇಂಥವೇ ಕಲ್ಲುಗಳಿರುವ ಒಂದು ಊರಿನ ಹೆಸರೇ ನಿಲಸ್ಕಲ್. ಬ್ರೆಟನ್ ಹೆಸರು ಆಕಾರವನ್ನು ಹೇಳಿದರೆ, ಈ ಎರಡು ಹೆಸರುಗಳು ನಿಲ್ಲುವುದನ್ನು ಹೇಳುತ್ತವೆ.

ಅದರಲ್ಲಿ ಅರ್ಥವಿದೆ. ಟನ್‌ಗಟ್ಟಲೆ ತೂಕದ ಬಂಡೆಯನ್ನು ಎಬ್ಬಿಸಿ, ಎಳೆದು ತಂದು, ಗುಂಡಿಗೆ ಇಳಿಸಿ ನೆಡುವುದು ಒಂದು ಮನೆಯವರ ಕೈಲಾಗದು. ಊರೇ ಕೂಡಬೇಕು, ಕೂಡಿದವರಿಗೆ ಅನ್ನ ಬೇಕು, ದಿನ ಗೊತ್ತುಮಾಡಬೇಕು. ಕಲ್ಲು ನಿಂತ ಮೇಲೆ ಆಚರಣೆ ಶುರುವಾಯಿತು ಎನ್ನುವುದಕ್ಕಿಂತ, ನಿಲ್ಲಿಸುವುದೇ ಮೊದಲ ಆಚರಣೆ ಎನ್ನಬಹುದು.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ಲೆಕ್ಕವಿತ್ತು. ಹೈದರಾಬಾದ್ ವಿಶ್ವವಿದ್ಯಾಲಯದ ಕೆ.ಪಿ. ರಾವ್ ಅವರು ಮುಡುಮಾಲಿನ ಕೆಲವು ಸಾಲುಗಳು ಅಯನ ಸಂಕ್ರಾಂತಿಯ ಸೂರ್ಯನ ಹುಟ್ಟು–ಮುಳುಗಿನ ದಿಕ್ಕಿಗೆ ಹೊಂದುವುದನ್ನು ತೋರಿಸಿದ್ದಾರೆ. ನಿಲಸ್ಕಲ್ ಮತ್ತು ಪಕ್ಕದ ಬೈಸೆಯಲ್ಲೂ ಇದೇ ಬಗೆಯ ಹೊಂದಿಕೆಯನ್ನು ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಗುರುತಿಸಿದ್ದಾರೆ. ಒಂದೇ ಜಾಗದಲ್ಲಿ ನಿಂತು ಹಲವು ವರ್ಷ ಸೂರ್ಯನನ್ನು ನೋಡದೆ ಇದು ಸಾಧ್ಯವಿಲ್ಲ.

ನೆಟ್ಟವರ ದೇವರು ಯಾರೋ, ಆದರೆ ಕಲ್ಲಿಗೆ ಇಂದಿಗೂ ಪೂಜೆ ತಪ್ಪಿಲ್ಲ. ಒಂದು ಕಲ್ಲು ಎಲ್ಲಮ್ಮ. ಕಲ್ಲುಗಳ ಒಡೆಯ ‘ನಿಲುರಾಳ್ಳ ತಿಮ್ಮಪ್ಪ’. ಅರಿಶಿನ ಕುಂಕುಮ ಬಿದ್ದ ಕಲ್ಲಿಗೆ ಹಾರೆ ಹಾಕಲು ಯಾರೂ ಮುಂದಾಗುವುದಿಲ್ಲ. 2025ರಲ್ಲಿ ಮುಡುಮಾಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು.

ಅಪಾಯವಿರುವುದು ಹೆಸರಿಲ್ಲದ ಸಣ್ಣ ಕಲ್ಲುಗಳಿಗೆ. ನೇಗಿಲಿಗೆ ಅಡ್ಡವಾದರೆ ಅವು ಬದುವಿಗೆ ಹೋಗುವ ಕಲ್ಲುಗಳು, ಅಷ್ಟೇ. ಆದರೆ ಸೂರ್ಯನ ದಿಕ್ಕನ್ನು ತೋರುವ ಸಾಲಿಗೆ ಅವೂ ಬೇಕು. ಕಿತ್ತ ಕಲ್ಲು ಬದುವಿನಲ್ಲಿ ಸಿಕ್ಕೀತು. ಅದು ನಿಂತಿದ್ದ ಜಾಗ ಮತ್ತೆ ಸಿಗುವುದಿಲ್ಲ.